ಬೀದರ್‌ನಿಂದ ಕಲಬುರಗಿಗೆ ವಿಮಾನದಲ್ಲಿ 6 ನಿಮಿಷವೇ? ಲೆಕ್ಕ ಸರಿ, ಆದರೆ ಪ್ರಯಾಣ?

'ಬೀದರ್–ಕಲಬುರಗಿ ವಿಮಾನ ದೂರ 87 ಕಿ.ಮೀ., ಪ್ರಯಾಣದ ಸಮಯ 6 ನಿಮಿಷ.' ಮೊಬೈಲ್‌ನಲ್ಲಿ ಎರಡು ಊರಿನ ಹೆಸರು ಹಾಕಿ ಹುಡುಕಿದರೆ ಇಂಥ ಉತ್ತರ ಕೊಡುವ ಪುಟಗಳು ಹತ್ತಾರು ಸಿಗುತ್ತವೆ. ಕೆಲವು ಪುಟಗಳು 6 ನಿಮಿಷ ಎನ್ನುತ್ತವೆ, ಇನ್ನು ಕೆಲವು 36 ನಿಮಿಷ ಎನ್ನುತ್ತವೆ. ಅದರ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರೆ ಸಾಕು, 'ಬಸ್ಸಿನಲ್ಲಿ ಎರಡೂವರೆ ಗಂಟೆ ಯಾಕೆ ಕೂರಬೇಕು?' ಎಂಬ ಮಾತು ಶುರುವಾಗುತ್ತದೆ.

ಹಾಗಾದರೆ ಈ ಸಂಖ್ಯೆ ಸುಳ್ಳೇ? ಪೂರ್ತಿ ಸುಳ್ಳಲ್ಲ. ದೂರದ ಲೆಕ್ಕ ಬಹುತೇಕ ಸರಿಯಾಗಿದೆ. ಆದರೆ ಅದರಿಂದ 'ಹೀಗೆ ಹೋಗಬಹುದು' ಎಂದು ಅರ್ಥ ಮಾಡಿಕೊಂಡರೆ ಅದು ತಪ್ಪು. ಬೀದರ್ ಮತ್ತು ಕಲಬುರಗಿ ನಡುವೆ ನಿಯಮಿತ ಪ್ರಯಾಣಿಕ ವಿಮಾನ ಇಲ್ಲ. ಇದ್ದರೂ 6 ನಿಮಿಷದಲ್ಲಿ ತಲುಪಲು ಆಗುವುದಿಲ್ಲ. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

87 ಕಿ.ಮೀ. ಎಲ್ಲಿಂದ ಬಂತು?

ಇದು ನೆಲದ ಮೇಲಿನ ರಸ್ತೆಯ ದೂರವಲ್ಲ. ಎರಡು ವಿಮಾನ ನಿಲ್ದಾಣಗಳ ನಡುವೆ ಭೂಮಿಯ ಮೇಲ್ಮೈಗುಂಟ ಎಳೆದ ಅತಿ ಚಿಕ್ಕ ಗೆರೆಯ ಉದ್ದ. ಇದನ್ನು ವೈಮಾನಿಕ ದೂರ ಎನ್ನುತ್ತಾರೆ. ಶಾಲೆಯಲ್ಲಿ ಕಲಿತ ಅಕ್ಷಾಂಶ, ರೇಖಾಂಶ ನೆನಪಿದ್ದರೆ ಈ ಲೆಕ್ಕವನ್ನು ನೀವೇ ಮಾಡಬಹುದು.

ಬೀದರ್ ವಿಮಾನ ನಿಲ್ದಾಣದ ಅಕ್ಷಾಂಶ ಸುಮಾರು 17.9 ಡಿಗ್ರಿ, ಕಲಬುರಗಿ ನಿಲ್ದಾಣದ್ದು ಸುಮಾರು 17.3 ಡಿಗ್ರಿ. ವ್ಯತ್ಯಾಸ 0.6 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿ.ಮೀ. ಅಂದರೆ ಬೀದರ್‌ನಿಂದ ದಕ್ಷಿಣಕ್ಕೆ ಸುಮಾರು 67 ಕಿ.ಮೀ. ರೇಖಾಂಶದಲ್ಲಿ ವ್ಯತ್ಯಾಸ ಸುಮಾರು 0.53 ಡಿಗ್ರಿ. ನಮ್ಮ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 106 ಕಿ.ಮೀ. ಇರುವುದರಿಂದ ಪಶ್ಚಿಮಕ್ಕೆ ಸುಮಾರು 56 ಕಿ.ಮೀ. ಇವೆರಡನ್ನೂ ಲಂಬಕೋನ ತ್ರಿಭುಜದ ಎರಡು ಬದಿ ಎಂದುಕೊಂಡು ಪೈಥಾಗೋರಸ್ ಪ್ರಮೇಯ ಹಾಕಿದರೆ ಮೂರನೇ ಬದಿ ಸುಮಾರು 87 ಕಿ.ಮೀ.

ಇಷ್ಟು ಲೆಕ್ಕ ಬೇಡ ಎನ್ನುವವರಿಗೆ ಗೂಗಲ್ ಮ್ಯಾಪ್ ಇದೆ. ಒಂದು ಜಾಗದ ಮೇಲೆ ಬೆರಳು ಒತ್ತಿ ಹಿಡಿದು ಪಿನ್ ಬೀಳಿಸಿ, ದೂರ ಅಳೆಯುವ ಆಯ್ಕೆಯನ್ನು ಒತ್ತಿ ಇನ್ನೊಂದು ಜಾಗಕ್ಕೆ ಎಳೆದರೆ ಅದೂ ಇದೇ ನೇರ ದೂರವನ್ನು ತೋರಿಸುತ್ತದೆ.

ಒಂದು ಫಾರ್ವರ್ಡ್‌ನಲ್ಲಿ 87, ಇನ್ನೊಂದರಲ್ಲಿ 54, ಮತ್ತೊಂದರಲ್ಲಿ 47 ಎಂದಿದ್ದರೆ ಗಾಬರಿ ಬೇಡ. ಮೂರೂ ಒಂದೇ ದೂರ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ವಿಮಾನ ಮತ್ತು ಹಡಗಿನವರು ಬಳಸುವ ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

6 ನಿಮಿಷ ಎಲ್ಲಿಂದ ಬಂತು?

87 ಕಿ.ಮೀ. ದೂರವನ್ನು ಗಂಟೆಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ ಆರೂವರೆ ನಿಮಿಷ ಬರುತ್ತದೆ. ಇಷ್ಟೇ ಲೆಕ್ಕ. ಸ್ವಲ್ಪ ಎಚ್ಚರಿಕೆ ಇರುವ ಪುಟಗಳು ಏರಿಕೆ ಇಳಿಕೆಗೆಂದು ಅದಕ್ಕೆ 30 ನಿಮಿಷ ಸೇರಿಸುತ್ತವೆ. ಆಗ 36 ನಿಮಿಷ ಆಗುತ್ತದೆ. ಎರಡೂ ಕಡೆ ಯಾರೂ ವಿಮಾನದ ವೇಳಾಪಟ್ಟಿ ನೋಡಿರುವುದಿಲ್ಲ. ಕಂಪ್ಯೂಟರ್ ಒಂದು ಪಟ್ಟಿಯಿಂದ ಎರಡು ನಿಲ್ದಾಣ ತೆಗೆದುಕೊಂಡು ಗುಣಿಸಿ ಭಾಗಿಸಿ ಪುಟ ಮಾಡಿರುತ್ತದೆ.

ಇಂಥ ಪುಟಗಳು ಲೆಕ್ಕವಿಲ್ಲದಷ್ಟು ಇರುವುದಕ್ಕೂ ಇದೇ ಕಾರಣ. 100 ನಿಲ್ದಾಣಗಳ ಪಟ್ಟಿ ಇದ್ದರೆ 4,950 ಜೋಡಿಗಳಾಗುತ್ತವೆ. ಪ್ರತಿ ಜೋಡಿಗೂ ಒಂದು ಪುಟ, ಪ್ರತಿ ಪುಟಕ್ಕೂ ಒಂದಿಷ್ಟು ಜಾಹೀರಾತು. ಆ ಎರಡು ಊರುಗಳ ನಡುವೆ ಒಂದಾದರೂ ವಿಮಾನ ಹಾರುತ್ತದೆಯೇ ಎಂಬುದು ಆ ಯಂತ್ರಕ್ಕೆ ಬೇಕಾಗಿಲ್ಲ. ಹೀಗೇ ಲೆಕ್ಕ ಹಾಕಿದರೆ ಔರಾದ್‌ನಿಂದ ಭಾಲ್ಕಿಗೂ 'ವಿಮಾನ ದೂರ' ಬರುತ್ತದೆ, ಸುಮಾರು 30 ಕಿ.ಮೀ. 'ಸಮಯ' ಎರಡು ನಿಮಿಷ ಚಿಲ್ಲರೆ. ಆದರೆ ಎರಡೂ ಊರಲ್ಲಿ ವಿಮಾನ ನಿಲ್ದಾಣವೇ ಇಲ್ಲ!

ವಿಮಾನ 87 ಕಿ.ಮೀ. ದೂರವನ್ನು 800ರ ವೇಗದಲ್ಲಿ ಏಕೆ ಹಾರಲಾರದು?

ಗಂಟೆಗೆ 800 ಕಿ.ಮೀ. ಎಂಬುದು ಜೆಟ್ ವಿಮಾನ ಮೇಲೇರಿ ಸಮತಲವಾಗಿ ಹಾರುವಾಗಿನ ವೇಗ. ಆ ಎತ್ತರಕ್ಕೆ ಏರಲು ಸಮಯ ಬೇಕು, ಅಲ್ಲಿಂದ ಇಳಿಯಲೂ ಸಮಯ ಬೇಕು.

ಪೈಲಟ್‌ಗಳಲ್ಲಿ ಒಂದು ಸರಳ ಲೆಕ್ಕವಿದೆ. ಪ್ರತಿ 1,000 ಅಡಿ ಇಳಿಯಲು ಸುಮಾರು 3 ನಾಟಿಕಲ್ ಮೈಲಿ ದೂರ ಬೇಕು. 30,000 ಅಡಿಯಿಂದ ಹಿತವಾಗಿ ಇಳಿಯಬೇಕಾದರೆ 90 ನಾಟಿಕಲ್ ಮೈಲಿ, ಅಂದರೆ ಸುಮಾರು 167 ಕಿ.ಮೀ. ಮೊದಲೇ ಇಳಿಯಲು ಶುರು ಮಾಡಬೇಕು. ಬೀದರ್–ಕಲಬುರಗಿ ನಡುವಿನ ದೂರವೇ 87 ಕಿ.ಮೀ. ಅಂದಮೇಲೆ ವಿಮಾನ ಅಷ್ಟು ಎತ್ತರಕ್ಕೆ ಹೋಗುವ ಪ್ರಶ್ನೆಯೇ ಇಲ್ಲ. ಕೆಳಗೇ ಹಾರಬೇಕು. 10,000 ಅಡಿಗಿಂತ ಕೆಳಗೆ ಪ್ರಯಾಣಿಕ ವಿಮಾನಗಳ ವೇಗಕ್ಕೆ ಸಾಮಾನ್ಯವಾಗಿ 250 ನಾಟ್ ಮಿತಿ ಇರುತ್ತದೆ. ಅದು ಗಂಟೆಗೆ ಸುಮಾರು 460 ಕಿ.ಮೀ. ರನ್‌ವೇ ಹತ್ತಿರ ಬಂದಂತೆ ವೇಗ ಇನ್ನೂ ಇಳಿಯುತ್ತದೆ.

ಇದರ ಜೊತೆಗೆ ವಿಮಾನ ನಿಂತ ಜಾಗದಿಂದ ರನ್‌ವೇ ತುದಿಗೆ ಹೋಗಬೇಕು, ಅನುಮತಿಗೆ ಕಾಯಬೇಕು, ಗಾಳಿಯ ದಿಕ್ಕು ನೋಡಿ ಹಾರಬೇಕು, ಇಳಿಯುವಾಗ ಸುತ್ತು ಹಾಕಿ ರನ್‌ವೇಗೆ ನೇರವಾಗಬೇಕು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರಬೇಕು. ಕಂಪನಿಗಳು ಟಿಕೆಟ್ ಮೇಲೆ ಬರೆಯುವ ಸಮಯ ಇದೆಲ್ಲ ಸೇರಿದ್ದು. ಹಾಗಾಗಿ ಇಂಥ ವಿಮಾನ ಇದ್ದರೂ ಅರ್ಧ ಗಂಟೆ ಆಸುಪಾಸು ಹಿಡಿಯುತ್ತದೆ. 6 ನಿಮಿಷ ಎಂಬುದು ಕಾಗದದ ಮೇಲಿನ ಲೆಕ್ಕ ಮಾತ್ರ.

'ಎರಡು ನಿಮಿಷದ ವಿಮಾನವೂ ಇದೆಯಲ್ಲ?'

ಹೌದು, ಇದೆ. ಸ್ಕಾಟ್ಲೆಂಡ್‌ನ ಉತ್ತರದಲ್ಲಿ ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಅಲ್ಲಿನ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ದ್ವೀಪಗಳ ನಡುವೆ ಲೋಗನ್‌ಏರ್ ಕಂಪನಿಯ ವಿಮಾನ ಹಾರುತ್ತದೆ. ದೂರ 2.7 ಕಿ.ಮೀ., ಸಮಯ ಸುಮಾರು ಎರಡು ನಿಮಿಷ. ಜಗತ್ತಿನ ಅತಿ ಚಿಕ್ಕ ನಿಯಮಿತ ವಿಮಾನಯಾನ ಎಂದು ಇದು ಹೆಸರಾಗಿದೆ. ಆದರೆ ಅಲ್ಲಿ ನಡುವೆ ಸಮುದ್ರವಿದೆ, ರಸ್ತೆ ಇಲ್ಲ. ಬಳಸುವುದು ಎಂಟು ಹತ್ತು ಜನ ಕೂರುವ ಪುಟ್ಟ ವಿಮಾನ.

ನಮ್ಮಲ್ಲಿ ನಡುವೆ ಸಮುದ್ರವಿಲ್ಲ, ಹುಮನಾಬಾದ್ ಮತ್ತು ಕಮಲಾಪುರ ಇವೆ. ಬೀದರ್–ಕಲಬುರಗಿ ರಸ್ತೆಯಲ್ಲಿ ಸುಮಾರು 110ರಿಂದ 115 ಕಿ.ಮೀ. ಇದೆ. 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾದ ಸುಮಾರು 110 ಕಿ.ಮೀ. ಉದ್ದದ ರೈಲು ಮಾರ್ಗವೂ ಇದೆ.

ಹಾಗಾದರೆ ಈ ಎರಡು ನಿಲ್ದಾಣಗಳಿಂದ ವಿಮಾನ ಎಲ್ಲಿಗೆ ಹೋಗುತ್ತದೆ?

ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ಬೀದರ್‌ನಲ್ಲಿ ನಾಗರಿಕ ವಿಮಾನಯಾನ ಶುರುವಾದದ್ದು 2020ರ ಫೆಬ್ರುವರಿ 7ರಂದು. ಬೀದರ್‌ನದು ಮೂಲತಃ ವಾಯುಪಡೆಯ ನೆಲೆ. ಹಾಕ್ ಜೆಟ್ ತರಬೇತಿ, ಸೂರ್ಯಕಿರಣ ತಂಡದ ಹಾರಾಟ ಇಲ್ಲಿನವರು ದಿನವೂ ನೋಡುವಂಥದ್ದು. ಪ್ರಯಾಣಿಕರ ಟರ್ಮಿನಲ್ ಬೇರೆ, ಆದರೆ ರನ್‌ವೇ ವಾಯುಪಡೆಯದೇ.

ಎರಡೂ ನಿಲ್ದಾಣಗಳಿಗೆ ಮುಖ್ಯ ಗುರಿ ಬೆಂಗಳೂರು. ಬೀದರ್‌ನಲ್ಲಿ ಮೊದಲು ಟ್ರೂಜೆಟ್ ಕಂಪನಿ ಎಟಿಆರ್-72 ವಿಮಾನ ಹಾರಿಸಿತು. ಅದು ನಿಂತ ಮೇಲೆ 2022ರಲ್ಲಿ ಸ್ಟಾರ್ ಏರ್ ಬಂತು. 2023ರ ಕೊನೆಗೆ ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು. ಐದು ವರ್ಷದಲ್ಲಿ ಒಂದೇ ಊರಿನ ವಿಮಾನ ಇಷ್ಟು ಸಲ ನಿಂತು ಹೊರಟಿದೆ. ಈ ಎಲ್ಲ ದಿನಗಳಲ್ಲೂ 'ಬೀದರ್–ಬೆಂಗಳೂರು ವಿಮಾನ ದೂರ' ಎಂಬ ಪುಟ ಮಾತ್ರ ಒಂದೇ ಉತ್ತರ ಕೊಡುತ್ತಿತ್ತು. ದೂರ ಬದಲಾಗುವುದಿಲ್ಲ, ಸೇವೆ ಬದಲಾಗುತ್ತದೆ. ಫಾರ್ವರ್ಡ್ ಓದುವಾಗ ನೆನಪಿಡಬೇಕಾದ ಮುಖ್ಯ ಮಾತು ಇದು.

ಈಗ ಯಾರಾದರೂ ಬೀದರ್‌ನಿಂದ ಕಲಬುರಗಿಗೆ ವಿಮಾನದಲ್ಲೇ ಹೋಗುತ್ತೇನೆ ಎಂದರೆ ಬೆಂಗಳೂರು ಸುತ್ತಬೇಕು. ಬೀದರ್‌ನಿಂದ ಬೆಂಗಳೂರಿಗೆ ವೈಮಾನಿಕ ದೂರ ಸುಮಾರು 520 ಕಿ.ಮೀ., ಅಲ್ಲಿಂದ ಕಲಬುರಗಿಗೆ ಸುಮಾರು 460 ಕಿ.ಮೀ. ಒಟ್ಟು 980 ಕಿ.ಮೀ. ಪಕ್ಕದ ಜಿಲ್ಲೆಗೆ ಹೋಗಲು ರಾಜ್ಯದ ಉದ್ದಕ್ಕೂ ಹೋಗಿ ಬಂದಂತೆ! ಅದೂ ಎರಡೂ ಕಡೆ ಆ ದಿನ ವಿಮಾನ ಇದ್ದು, ಸಮಯ ಹೊಂದಿಕೊಂಡರೆ ಮಾತ್ರ.

ಔರಾದ್‌ನ ಮನೆ ಬಾಗಿಲಿನಿಂದ ಲೆಕ್ಕ ಹಾಕಿದರೆ

ಪ್ರಯಾಣ ಶುರುವಾಗುವುದು ವಿಮಾನದ ಬಾಗಿಲಿನಿಂದಲ್ಲ, ಮನೆಯ ಬಾಗಿಲಿನಿಂದ. ಬೀದರ್–ಕಲಬುರಗಿ ನಡುವೆ ನೇರ ವಿಮಾನ ಇದೆ ಎಂದೇ ಒಂದು ಕ್ಷಣ ಇಟ್ಟುಕೊಳ್ಳೋಣ. ಔರಾದ್‌ನವರೊಬ್ಬರು ಕಲಬುರಗಿಯ ಹೈಕೋರ್ಟ್ ಪೀಠದಲ್ಲಿ ಕೇಸಿಗೆ ಹಾಜರಾಗಬೇಕು ಎಂದುಕೊಳ್ಳಿ. ಅಂದಾಜು ಹೀಗಿರುತ್ತದೆ:

- ಔರಾದ್‌ನಿಂದ ಬೀದರ್ ವಿಮಾನ ನಿಲ್ದಾಣಕ್ಕೆ 40 ಕಿ.ಮೀ.ಗೆ ತುಸು ಹೆಚ್ಚು: 1 ಗಂಟೆ
- ಚೆಕ್-ಇನ್, ತಪಾಸಣೆ, ಕಾಯುವುದು: 1 ಗಂಟೆ 15 ನಿಮಿಷ
- ವಿಮಾನ: 35 ನಿಮಿಷ
- ಇಳಿದು ಬ್ಯಾಗ್ ತೆಗೆದುಕೊಂಡು ಹೊರಬರುವುದು: 20 ನಿಮಿಷ
- ನಿಲ್ದಾಣದಿಂದ ಕಲಬುರಗಿ ನಗರದೊಳಗೆ: 30 ನಿಮಿಷ

ಒಟ್ಟು 3 ಗಂಟೆ 40 ನಿಮಿಷ. ಇದೇ ಔರಾದ್‌ನಿಂದ ಬೀದರ್ ಮೇಲೆ ಕಾರಿನಲ್ಲಿ ಹೊರಟರೆ ಸುಮಾರು 155 ಕಿ.ಮೀ., ಸುಮಾರು ಮೂರೂವರೆ ಗಂಟೆ. ಅಂದರೆ ಇಲ್ಲದ ವಿಮಾನವನ್ನು ಇದೆ ಎಂದುಕೊಂಡರೂ ಉಳಿಯುವ ಸಮಯ ಏನೂ ಇಲ್ಲ.

ಭಾಲ್ಕಿಯವರ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಭಾಲ್ಕಿ ಇರುವುದು ಬೀದರ್‌ನ ಪಶ್ಚಿಮಕ್ಕೆ. ಭಾಲ್ಕಿಯಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 85 ಕಿ.ಮೀ. ಬೀದರ್‌ನಿಂದಲೂ ಹೆಚ್ಚುಕಡಿಮೆ ಅಷ್ಟೇ. ಅಂದಮೇಲೆ ವಿಮಾನ ಹಿಡಿಯಲೆಂದು ಭಾಲ್ಕಿಯಿಂದ ಸುಮಾರು 40 ಕಿ.ಮೀ. ಬೀದರ್‌ಗೆ ಬಂದವರು ಕಲಬುರಗಿಗೆ ಒಂದು ಹೆಜ್ಜೆಯೂ ಹತ್ತಿರ ಬಂದಿರುವುದಿಲ್ಲ. ಅಷ್ಟು ಹೊತ್ತಿಗೆ ಅವರು ಹುಮನಾಬಾದ್ ತಲುಪಿ ಅರ್ಧ ದಾರಿಯ ಹತ್ತಿರ ಇರುತ್ತಿದ್ದರು.

ವಿಮಾನ ಎಲ್ಲಿ ನಿಜಕ್ಕೂ ಲಾಭ?

ಹಾಗೆಂದು ಬೀದರ್‌ಗೆ ವಿಮಾನ ನಿಲ್ದಾಣ ಬೇಡವೇ? ಹಾಗಲ್ಲ. ಅದೇ ಔರಾದ್‌ನವರು ಬೆಂಗಳೂರಿಗೆ ಹೋಗಬೇಕಾದರೆ ಲೆಕ್ಕ ಪೂರ್ತಿ ತಿರುಗುತ್ತದೆ. ಮನೆಯಿಂದ ನಿಲ್ದಾಣಕ್ಕೆ 1 ಗಂಟೆ, ಚೆಕ್-ಇನ್ ಇತ್ಯಾದಿ 1 ಗಂಟೆ 15 ನಿಮಿಷ, ಜೆಟ್ ವಿಮಾನದಲ್ಲಿ 1 ಗಂಟೆಗೆ ತುಸು ಹೆಚ್ಚು, ಹೊರಬರಲು 20 ನಿಮಿಷ, ದೇವನಹಳ್ಳಿಯಿಂದ ನಗರಕ್ಕೆ ಒಂದೂವರೆ ಗಂಟೆ. ಒಟ್ಟು ಐದೂ ಕಾಲು ಗಂಟೆ ಆಸುಪಾಸು. ರಸ್ತೆಯಲ್ಲಾದರೆ 700 ಕಿ.ಮೀ.ಗೂ ಹೆಚ್ಚು, ಇಡೀ ರಾತ್ರಿಯ ಪ್ರಯಾಣ.

ಎರಡೂ ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮನೆಯಿಂದ ನಿಲ್ದಾಣ, ತಪಾಸಣೆ, ಬ್ಯಾಗು, ನಿಲ್ದಾಣದಿಂದ ಊರು, ಈ ಮೂರು ನಾಲ್ಕು ಗಂಟೆ ಎಲ್ಲಿಗೆ ಹೋದರೂ ತಪ್ಪುವುದಿಲ್ಲ. ದೂರ ಹೆಚ್ಚಿದ್ದರೆ ಆಕಾಶದಲ್ಲಿ ಉಳಿಸಿದ ಸಮಯ ಆ ನಷ್ಟವನ್ನು ತುಂಬಿಕೊಡುತ್ತದೆ. 87 ಕಿ.ಮೀ.ಗೆ ತುಂಬಿಕೊಡಲು ಉಳಿತಾಯವೇ ಇರುವುದಿಲ್ಲ.

ಸರ್ಕಾರದ ಉಡಾನ್ ಯೋಜನೆಯ ಹಿಂದೆಯೂ ಇದೇ ಲೆಕ್ಕವಿತ್ತು. 2016ರಲ್ಲಿ ಯೋಜನೆ ರೂಪಿಸಿದಾಗ ವಿಮಾನ ಮಾರ್ಗಗಳಿಗೆ ಸಾಮಾನ್ಯವಾಗಿ 200ರಿಂದ 800 ಕಿ.ಮೀ. ವ್ಯಾಪ್ತಿ ಇಟ್ಟಿದ್ದರು. ಗುಡ್ಡಗಾಡು, ದ್ವೀಪದಂಥ ಪ್ರದೇಶಗಳಿಗೆ ಮಾತ್ರ ಕೆಳಮಿತಿ ಇರಲಿಲ್ಲ. ಸುಮಾರು 500 ಕಿ.ಮೀ. ದೂರದ, ಒಂದು ಗಂಟೆಯ ಪ್ರಯಾಣಕ್ಕೆ ರಿಯಾಯಿತಿ ಸೀಟಿನ ದರ 2,500 ರೂಪಾಯಿ ಎಂದು ಆಗ ಹೇಳಿದ್ದರು. ಬೀದರ್–ಬೆಂಗಳೂರು ಈ ಅಳತೆಗೆ ಹೊಂದುತ್ತದೆ, ಬೀದರ್–ಕಲಬುರಗಿ ಹೊಂದುವುದಿಲ್ಲ.

ವೈಮಾನಿಕ ದೂರದಿಂದ ಉಪಯೋಗವೇ ಇಲ್ಲವೇ?

ಇದೆ. ಬೀದರ್ ಜನ ಅದರ ಬಿಸಿಯನ್ನೂ ಕಂಡಿದ್ದಾರೆ. ಹೈದರಾಬಾದ್‌ನ ಶಂಶಾಬಾದ್ ನಿಲ್ದಾಣದ ಒಪ್ಪಂದದಲ್ಲಿ, ಅದು ಶುರುವಾದ 25 ವರ್ಷಗಳವರೆಗೆ 150 ಕಿ.ಮೀ. ವೈಮಾನಿಕ ದೂರದೊಳಗೆ ಬೇರೆ ವಿಮಾನ ನಿಲ್ದಾಣಕ್ಕೆ ಅವಕಾಶ ಕೊಡಬಾರದು ಎಂಬ ಷರತ್ತಿತ್ತು. ಆ ನಿಲ್ದಾಣ ಕೆಲಸ ಶುರುಮಾಡಿದ್ದು 2008ರ ಮಾರ್ಚ್‌ನಲ್ಲಿ. ಬೀದರ್‌ನಿಂದ ಶಂಶಾಬಾದ್‌ಗೆ ನೇರ ದೂರ ಸುಮಾರು 125 ಕಿ.ಮೀ. ಹಾಗಾಗಿ ಬೀದರ್‌ನಲ್ಲಿ ನಾಗರಿಕ ವಿಮಾನ ಶುರುವಾಗುವ ಮಾತು ಬಂದಾಗಲೆಲ್ಲ ಈ 150 ಕಿ.ಮೀ. ವಿಷಯ ಅಡ್ಡ ಬಂತು. ಅಲ್ಲಿ ಎಣಿಕೆಗೆ ಬಂದದ್ದು ರಸ್ತೆಯ ದೂರವಲ್ಲ, ಇದೇ ನೇರ ಗೆರೆ.

ಅಂದರೆ ನೇರ ದೂರ ಒಪ್ಪಂದಕ್ಕೆ, ಇಂಧನದ ಅಂದಾಜಿಗೆ, ಮಾರ್ಗ ಯೋಜನೆಗೆ ಬೇಕು. ಪ್ರಯಾಣಿಕರಿಗೆ ಮಾತ್ರ ಅದೊಂದೇ ಸಾಲದು.

ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೋಡಿ

1. ಯಾವ ಕಂಪನಿಯ ವಿಮಾನ, ವಿಮಾನದ ಸಂಖ್ಯೆ ಏನು? ಇವೆರಡೂ ಇಲ್ಲದಿದ್ದರೆ ಅದು ಲೆಕ್ಕ, ವಿಮಾನವಲ್ಲ.

2. ಯಾವ ದಿನಾಂಕದ ಮಾಹಿತಿ? ನಮ್ಮ ಭಾಗದ ವಿಮಾನಗಳು ನಿಂತು ಶುರುವಾಗುತ್ತಿರುತ್ತವೆ. ಕಂಪನಿಯ ಸ್ವಂತ ಆ್ಯಪ್‌ನಲ್ಲಿ ನಿಮಗೆ ಬೇಕಾದ ದಿನಾಂಕ ಹಾಕಿ ಟಿಕೆಟ್ ತೋರಿಸುತ್ತದೆಯೇ ನೋಡಿ. ತೋರಿಸದಿದ್ದರೆ ಆ ದಿನ ಸೀಟಿಲ್ಲ ಅಥವಾ ವಿಮಾನವೇ ಇಲ್ಲ.

3. ನೇರ ವಿಮಾನವೇ, ಬೇರೆ ಊರಿನಲ್ಲಿ ಇಳಿದು ಹತ್ತಬೇಕೇ?

4. ವಾರಕ್ಕೆ ಎಷ್ಟು ದಿನ ಇದೆ? ವಾಪಸ್ ಬರಲು ಅದೇ ದಿನ ವಿಮಾನ ಇದೆಯೇ?

5. ಮನೆಯಿಂದ ನಿಲ್ದಾಣಕ್ಕೆ, ನಿಲ್ದಾಣದಿಂದ ಹೋಗಬೇಕಾದ ಜಾಗಕ್ಕೆ ಎಷ್ಟು ಹೊತ್ತು?

ಪರೀಕ್ಷೆ, ಸಂದರ್ಶನ, ಕೋರ್ಟಿನ ತಾರೀಖು ಇರುವವರು ಇಂಥ ಪುಟ ನಂಬಿ ಹಿಂದಿನ ರಾತ್ರಿಯ ಬಸ್ಸು ಬಿಟ್ಟರೆ ಆ ದಿನ ಮತ್ತೆ ಸಿಗುವುದಿಲ್ಲ. ರೋಗಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಹೃದಯಾಘಾತ, ಪಾರ್ಶ್ವವಾಯು, ಅಪಘಾತದಂಥ ಸಂದರ್ಭದಲ್ಲಿ 'ಕಲಬುರಗಿಗೆ ವಿಮಾನದಲ್ಲಿ 6 ನಿಮಿಷವಂತೆ' ಎಂದು ಮೊಬೈಲ್ ಹುಡುಕುತ್ತಾ ಕೂತರೆ ಕಳೆಯುವುದು ಜೀವ ಉಳಿಸಬಹುದಾದ ನಿಮಿಷಗಳು. ಏರ್ ಆಂಬುಲೆನ್ಸ್ ಬೇರೆಯೇ ವ್ಯವಸ್ಥೆ. ಅದಕ್ಕೆ ವಿಮಾನ, ವೈದ್ಯರು, ಎರಡೂ ಕಡೆಯ ಆಸ್ಪತ್ರೆ, ನಿಲ್ದಾಣದ ಅನುಮತಿ ಎಲ್ಲ ಹೊಂದಿಸಬೇಕು. ಮೊದಲು 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಸೇರಿಸಿ. ಮುಂದೆ ಎಲ್ಲಿಗೆ, ಹೇಗೆ ಎಂಬುದನ್ನು ವೈದ್ಯರು ಹೇಳಲಿ.

ಒಟ್ಟಾರೆ ಹೇಳುವುದಾದರೆ, ಬೀದರ್–ಕಲಬುರಗಿ ವೈಮಾನಿಕ ದೂರ ಸುಮಾರು 87 ಕಿ.ಮೀ. ಎಂಬುದು ಸರಿ. 6 ನಿಮಿಷದಲ್ಲಿ ವಿಮಾನದಲ್ಲಿ ತಲುಪಬಹುದು ಎಂಬುದು ತಪ್ಪು. ಸದ್ಯಕ್ಕೆ ಈ ದಾರಿಗೆ ರೈಲು, ಬಸ್ಸು, ಕಾರೇ ಸರಿಯಾದ ಉತ್ತರ. ನಿಮ್ಮ ಗ್ರೂಪಿಗೆ ಆ ಸ್ಕ್ರೀನ್‌ಶಾಟ್ ಬಂದರೆ ಅದರ ಕೆಳಗೆ ಒಂದೇ ಪ್ರಶ್ನೆ ಕೇಳಿ: 'ವಿಮಾನದ ಸಂಖ್ಯೆ ಎಷ್ಟು?'